ತೆರೆಗೆ ಸಲಹೆಗಾರರು

ಬೋರ್ಡಿನ ಮೇಲೆ ಹಾಗೆಯೇ ಇದೆ, ‘ತೆರೆಗೆ ಸಲಹೆಗಾರರು’ ಎಂದು. ‘ತೆರಿಗೆ’ ಎಂಬಲ್ಲಿ ಗುಡಿಸು ಇರಬೇಕಾದ ಅಕ್ಷರಕ್ಕೆ ಎತ್ವ ಕುಳಿತಿದೆ. ಹದಿನೇಳು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿರುವ ನನ್ನ ಕೈ ಅದನ್ನು ಕಂಡೊಡನೆ ಬ್ಯಾಗಿನಲ್ಲಿದ್ದ ಕೆಂಪು ಪೆನ್ನಿನ ಕಡೆ ಹೋಯಿತು. ತಮ್ಮ ಕಸುಬಿನ ಹೆಸರನ್ನೇ ಸರಿಯಾಗಿ ಬರೆಸದವರು ನನ್ನ ಅಂಕಿಗಳನ್ನು ಇನ್ನೇನು ಸರಿಪಡಿಸುತ್ತಾರೆ ಎಂದು ಗೊಣಗಿಕೊಂಡೇ ಮೆಟ್ಟಿಲು ಹತ್ತಿದೆ. ಇಪ್ಪತ್ತೆರಡು ಮೆಟ್ಟಿಲು, ಕಡಿದಾದವು, ಹಿಡಿದುಕೊಳ್ಳಲು ಕಂಬಿಯಿಲ್ಲ. ಕೆಳಗೆ ಶಾಲಾ ಸಮವಸ್ತ್ರದ ಬಟ್ಟೆ ಅಂಗಡಿ, ಮೇಲೆ ಇವರ ಕಚೇರಿ.

ಹೆಸರು ಹೇಳುವುದಿಲ್ಲ. ಹೊಗಳುವುದರ ಜತೆಗೆ ಮೂರ್ನಾಲ್ಕು ದೂರುಗಳನ್ನೂ ಬರೆಯುವವಳಿದ್ದೇನೆ, ಬಳ್ಳಾರಿಯಲ್ಲಾದರೋ ಮೋತಿ ಸರ್ಕಲ್ಲಿನಿಂದ ರಾಯಲ್ ಸರ್ಕಲ್ಲಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಜನ ಪರಿಚಯದವರು ಎದುರಾಗುತ್ತಾರೆ. ಬೋರ್ಡಿನ ತಪ್ಪು ಕಣ್ಣಿಗೆ ಬಿದ್ದವರಿಗೆ ಗುರುತು ತಾನಾಗಿ ಸಿಗುತ್ತದೆ.

ನಾನು ಅಲ್ಲಿಗೆ ಹೋದದ್ದು ಐವತ್ತು ಸಾವಿರ ರೂಪಾಯಿಯ ಸಂಕಟ ಹೊತ್ತುಕೊಂಡು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿಯೇ ಇದೇ ಸಂಕಟದವರು ಇನ್ನೂ ಮೂವರು ಇದ್ದಾರೆ.

2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ನಾನು ಸೇರಿದ್ದು 2008ರಲ್ಲಿ. ಪ್ರತಿ ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ನನ್ನ ಸಂಬಳದಲ್ಲಿ ಕಡಿತವಾಗುತ್ತದೆ, ಸರ್ಕಾರ ಅದಕ್ಕೆ ಶೇ 14 ಸೇರಿಸುತ್ತದೆ. ಎಲ್ಲವೂ ಹೋಗಿ ಬೀಳುವುದು ಪ್ರಾನ್ ಎಂಬ ಹನ್ನೆರಡು ಅಂಕಿಯ ಖಾತೆಗೆ. ಇಷ್ಟು ಸಾಲದು ಎಂಬಂತೆ, ನಾಲ್ಕು ವರ್ಷಗಳ ಹಿಂದೆ ನಮ್ಮ ಗಣಿತ ಮೇಷ್ಟ್ರು ಒಂದು ಸೂತ್ರ ಹೇಳಿಕೊಟ್ಟರು. ಶಾಲೆಯಲ್ಲಿ ಎಲ್ಲರ ತೆರಿಗೆ ಹಾಳೆ ತುಂಬಿಕೊಡುವವರು ಅವರೇ. ‘80ಸಿಯ ಒಂದೂವರೆ ಲಕ್ಷ ತುಂಬಿದ ಮೇಲೂ ಎನ್‌ಪಿಎಸ್‌ಗೆ ಕೈಯಿಂದ ಐವತ್ತು ಸಾವಿರ ಹಾಕಿ ಮೇಡಂ, 80ಸಿಸಿಡಿ(1ಬಿ) ಅಡಿ ಅದಕ್ಕೆ ಬೇರೆಯೇ ವಿನಾಯಿತಿ ಇದೆ’ ಎಂದರು. ಎರಡೂ ಆದಾಯ ತೆರಿಗೆ ಕಾಯ್ದೆಯ ಕಲಂಗಳು, ಅವುಗಳಡಿ ತೋರಿಸಿದ ಹಣವನ್ನು ಆದಾಯದಿಂದ ಕಳೆದು ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ. ಶೇ 20ರ ಹಂತದಲ್ಲಿ ಇರುವವರಿಗೆ ಸೆಸ್ ಸೇರಿ 10,400 ರೂಪಾಯಿ ಉಳಿಯುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದೇ ತೋರಿಸಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂದಿನಿಂದ ಪ್ರತಿ ಮಾರ್ಚ್‌ನಲ್ಲಿ ಹಾಕುತ್ತಾ ಬಂದೆ.

2025ರ ಮಾರ್ಚ್‌ನಲ್ಲಿ ಎಡವಿದೆ. ನಮ್ಮವರು ಸಿರುಗುಪ್ಪದ ಕಡೆ ನಾಲ್ಕು ಎಕರೆ ಮೆಣಸಿನಕಾಯಿ ಮಾಡುತ್ತಾರೆ. ಬ್ಯಾಡಗಿಗೆ ಹಾಕಿದ ಮಾಲಿನ ಹಣ ದಲ್ಲಾಳಿಯಿಂದ ಬಂದ ಮೇಲೆ ಎನ್‌ಪಿಎಸ್‌ಗೆ ತುಂಬೋಣ ಎಂದು ಕಾದೆವು. ಅತ್ತ 21ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು, ನನಗೆ ಬೇರೆ ಶಾಲೆಯಲ್ಲಿ ಕೊಠಡಿ ಮೇಲ್ವಿಚಾರಣೆ. ಹಣ ಬಂದದ್ದು 29ರ ಶನಿವಾರ ಸಂಜೆ. ಮರುದಿನ ಭಾನುವಾರ ಯುಗಾದಿ, ಹೋಳಿಗೆಯ ಮನೆಯಲ್ಲಿ ಯಾರಿಗೆ ತೆರಿಗೆ ನೆನಪಾಗುತ್ತದೆ? ಸೋಮವಾರ 31, ರಂಜಾನ್ ರಜೆ. ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಮೊಬೈಲ್ ಹಿಡಿದು ಕುಳಿತಾಗ ಹತ್ತೂವರೆ. ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಬಂತು, ಪ್ರಾನ್ ಖಾತೆಗೆ ಸೇರಿದ ಸಂದೇಶ ಬರಲಿಲ್ಲ. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಹನ್ನೆರಡು ಹೊಡೆಯಿತು. ಏಪ್ರಿಲ್ 3ರಂದು ಹಣ ನನ್ನ ಖಾತೆಗೇ ವಾಪಸ್ಸಾಯಿತು. ಪರೀಕ್ಷೆ ಮುಗಿದ ಮರುದಿನ, 5ರಂದು, ಮತ್ತೆ ಕಟ್ಟಿದೆ, ಈ ಸಲ ಎರಡೇ ನಿಮಿಷದಲ್ಲಿ ಹೋಯಿತು. ಐದು ದಿನ ತಡವಾದರೆ ಯಾರು ಕೇಳುತ್ತಾರೆ ಎಂದುಕೊಂಡೆ. ಮಕ್ಕಳು ನೋಟ್ಸ್ ತಡವಾಗಿ ತಂದಾಗ ನನಗೆ ಹೇಳುವ ಮಾತೂ ಇದೇ.

ತಾಪತ್ರಯವೆಂದರೆ, ಫೆಬ್ರುವರಿ ಸಂಬಳದ ಬಿಲ್ಲಿಗಾಗಿ ಕೊಟ್ಟ ಹಾಳೆಯಲ್ಲಿ ‘50,000 ಹಾಕುತ್ತೇನೆ’ ಎಂದು ಮೊದಲೇ ಬರೆದು ಸಹಿ ಹಾಕಿದ್ದೆ. ವರ್ಷದ ಸಂಬಳ ಮತ್ತು ಅದರಲ್ಲಿ ಮುರಿದ ತೆರಿಗೆಯ ಲೆಕ್ಕ ತೋರಿಸುವ, ಜೂನ್‌ನಲ್ಲಿ ಬಂದ ಫಾರಂ 16ರಲ್ಲಿ ಆ ಐವತ್ತು ಸಾವಿರ ಠಾಕುಠೀಕಾಗಿ ಕುಳಿತಿತ್ತು. ಆಗಸ್ಟ್‌ನಲ್ಲಿ ನಮ್ಮ ಬಡಾವಣೆಯ ಸೈಬರ್ ಸೆಂಟರಿನ ಹುಡುಗ ಅದನ್ನೇ ನೋಡಿಕೊಂಡು 250 ರೂಪಾಯಿಗೆ ನನ್ನ ಆದಾಯ ತೆರಿಗೆ ರಿಟರ್ನ್ ಹಾಕಿದ. ಅವನನ್ನು ದೂರುವುದಿಲ್ಲ. ಫಾರಂ 16ರಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದ, ಆ 250 ರೂಪಾಯಿಗೆ ನಾನು ಕೊಂಡದ್ದೂ ಅಷ್ಟನ್ನೇ.

ನವೆಂಬರ್‌ನಲ್ಲಿ ಮಗಳ ಕಾಲೇಜು ಶುಲ್ಕಕ್ಕೆ ಎನ್‌ಪಿಎಸ್‌ನಿಂದ ಸ್ವಲ್ಪ ಹಣ ತೆಗೆಯಬಹುದೇ ಎಂದು ನೋಡಲು ಖಾತೆಯ ವಿವರಪಟ್ಟಿ ಇಳಿಸಿಕೊಂಡೆ. ಮಕ್ಕಳ ಉನ್ನತ ಶಿಕ್ಷಣಕ್ಕೆ ನಮ್ಮದೇ ವಂತಿಗೆಯ ಶೇ 25ರವರೆಗೆ ತೆಗೆಯಲು ಅವಕಾಶವಿದೆ. ಪಟ್ಟಿಯಲ್ಲಿ ಆ ಐವತ್ತು ಸಾವಿರ 2025–26ರ ಹಾಳೆಯ ಮೊದಲ ಸಾಲಿನಲ್ಲಿತ್ತು. ನಾನು ವಿನಾಯಿತಿ ಕೇಳಿದ್ದು 2024–25ಕ್ಕೆ. ಹೊಟ್ಟೆಯೊಳಗೆ ತಣ್ಣಗಾಯಿತು.

ಮೊದಲು ಹೋದದ್ದು ಈ ಇಪ್ಪತ್ತೆರಡು ಮೆಟ್ಟಿಲಿನವರ ಹತ್ತಿರವಲ್ಲ. ಗಾಜಿನ ಬಾಗಿಲು, ಎಸಿ, ಹೆಸರು ಕೂಗಿ ಕರೆಯುವ ಹುಡುಗಿ ಇರುವ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿ ಟೈ ಕಟ್ಟಿದ ಯುವಕನೊಬ್ಬ ನನ್ನ ಕಥೆಯನ್ನು ಅರ್ಧ ಕೇಳುತ್ತಲೇ ಕ್ಯಾಲ್ಕ್ಯುಲೇಟರ್ ಒತ್ತಿ, 10,400 ತೆರಿಗೆ ಕಟ್ಟಬೇಕು, ಬಡ್ಡಿ ಬೇರೆ, ಪರಿಷ್ಕೃತ ರಿಟರ್ನ್ ಹಾಕಲು ತಮ್ಮ ಶುಲ್ಕ 4,500 ಎಂದ. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ತೆರಿಗೆಯ ಶೇ 200 ದಂಡ ಹಾಕುವ ಅವಕಾಶ ಕಾಯ್ದೆಯಲ್ಲಿ ಇದೆ ಎಂದೂ ಸೇರಿಸಿದ. ಕಾಯ್ದೆಯಲ್ಲಿ ಹಾಗೆ ಇರುವುದು ನಿಜ. ಆದರೆ ಅದನ್ನು ಅವನು ಹೇಳಿದ ರೀತಿ, ಶಾಲೆಗೆ ಬರದ ಹುಡುಗನಿಗೆ ನಾವು ಟಿಸಿ ಕೊಟ್ಟು ಕಳಿಸುತ್ತೇವೆ ಎನ್ನುತ್ತೇವಲ್ಲ, ಆ ರೀತಿಯದು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ನನ್ನ ಎನ್‌ಪಿಎಸ್ ಪಟ್ಟಿಯನ್ನು ಅವನು ಬಿಡಿಸಿ ನೋಡಿರಲೇ ಇಲ್ಲ. ಅದು ಮಡಚಿದಂತೆಯೇ ನನ್ನ ಕೈಯಲ್ಲಿತ್ತು.

ಇನ್ನು ‘ತೆರೆಗೆ’ಯವರು. ನಾನು ಹೋದದ್ದು ನವೆಂಬರ್ ಕೊನೆಯ ಭಾನುವಾರ. ಬೆಳಿಗ್ಗೆ ಹತ್ತೂವರೆಯಿಂದ ಒಂದೂವರೆಯವರೆಗೆ, ಸಂಜೆ ಐದರಿಂದ ಒಂಬತ್ತರವರೆಗೆ ಕಚೇರಿ ತೆರೆದಿರುತ್ತದೆ. ಭಾನುವಾರ ಬೆಳಿಗ್ಗೆ ಮಾತ್ರ. ಟೋಕನ್ ಇಲ್ಲ, ಸರದಿ ಎಂಬುದು ಅವರವರ ನೆನಪಿನಲ್ಲಿ. ನಾನು ಐದನೆಯವಳು ಎಂದುಕೊಂಡಿದ್ದೆ. ಜೀನ್ಸ್ ಹೊಲಿಯುವ ಘಟಕದ ಮಾಲೀಕರೊಬ್ಬರು ಕಡತದ ಕಟ್ಟಿನೊಂದಿಗೆ ಬಂದು ‘ಐದೇ ನಿಮಿಷ ಅಕ್ಕಾ’ ಎಂದು ಒಳಗೆ ಹೋದವರು ನಲವತ್ತು ನಿಮಿಷ ಹೊರಬರಲಿಲ್ಲ. ಕುಳಿತುಕೊಳ್ಳಲು ಪ್ಲಾಸ್ಟಿಕ್ ಕುರ್ಚಿಗಳು ನಾಲ್ಕು, ಅವುಗಳಲ್ಲಿ ಒಂದರ ಕಾಲು ಸೀಳಿದೆ, ಆ ಕುರ್ಚಿ ಯಾವುದೆಂದು ಹಳೆಯ ಗಿರಾಕಿಗಳಿಗೆ ಗೊತ್ತಿರುತ್ತದೆ, ಹೊಸಬರಿಗೆ ಅದೇ ಖಾಲಿ ಸಿಗುತ್ತದೆ. ಕಾದು ಬೇಸತ್ತು ಕೆಳಗಿಳಿದು, ಎದುರಿನ ತಳ್ಳುಗಾಡಿಯಲ್ಲಿ ಒಂದು ತಟ್ಟೆ ವಗ್ಗಾಣಿ ಮಿರ್ಚಿ ತಿಂದು ಮತ್ತೆ ಹತ್ತಿದೆ. ಅಷ್ಟಾದರೂ ನನ್ನ ಸರದಿ ಬಂದಿರಲಿಲ್ಲ. ಒಟ್ಟು ಒಂದೂಮುಕ್ಕಾಲು ಗಂಟೆ.

ಕಚೇರಿ ನಡೆಸುವ ಹಿರಿಯರಿಗೆ ಅರವತ್ತೈದರ ಮೇಲಿರಬೇಕು. ಫೋನಿನಲ್ಲಿ ಒಂದು ವಾಕ್ಯ ತೆಲುಗು, ಒಂದು ವಾಕ್ಯ ಕನ್ನಡ, ಬಳ್ಳಾರಿಯ ಹಳೆಯ ಜನ ಮಾತನಾಡುವ ಹಾಗೆ. ಕಂಪ್ಯೂಟರಿನ ಮುಂದೆ ಇಬ್ಬರು ಹುಡುಗಿಯರು. ಇವರ ಮುಂದೆ ಇರುವುದು ಒಂದು ಸ್ಟೀಲ್ ಅಳತೆಪಟ್ಟಿ ಮತ್ತು ಪೆನ್ಸಿಲ್. ಆ ಅಳತೆಪಟ್ಟಿಗೆ ನಾನು ಒಂದು ನಕ್ಷತ್ರ ಹೆಚ್ಚಿಗೆ ಕೊಡುತ್ತೇನೆ.

ಅಂದರೆ ಹೀಗೆ. ನನ್ನ ಕಥೆ ಶುರು ಮಾಡುತ್ತಿದ್ದಂತೆ ಕೈ ಎತ್ತಿ ತಡೆದರು. ‘ಮೊದಲು ಕಾಗದ, ಆಮೇಲೆ ಕಥೆ ಅಮ್ಮಾ.’ ಫಾರಂ 16, ರಿಟರ್ನ್‌ನ ಸ್ವೀಕೃತಿ, ಎನ್‌ಪಿಎಸ್ ಪಟ್ಟಿ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿಸಿದರು. ಮೊದಲು ಸ್ವೀಕೃತಿಯ ದಿನಾಂಕ ನೋಡಿ ‘ಆಗಸ್ಟ್, ಒಳ್ಳೆಯದಾಯಿತು’ ಎಂದರು. 2025ರಲ್ಲಿ ಕೊನೆಯ ದಿನ ಮುಂದೆ ಹೋಗಿ ಸೆಪ್ಟೆಂಬರ್ 16 ಆಗಿತ್ತು. ಅದು ದಾಟಿ ಹಾಕಿದ್ದರೆ, ಇಂಥ ವಿನಾಯಿತಿಗಳಿರುವ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳುವ ಅವಕಾಶವೇ ಹೋಗುತ್ತಿತ್ತು, ಮನೆ ಸಾಲದ ಬಡ್ಡಿಯ ಎರಡು ಲಕ್ಷವೂ ಅದರ ಜತೆಗೆ ಮುಳುಗುತ್ತಿತ್ತು. ಗಾಜಿನ ಬಾಗಿಲಿನವನು ಆ ದಿನಾಂಕವನ್ನು ನೋಡಿರಲಿಲ್ಲ.

ಆಮೇಲೆ ಎನ್‌ಪಿಎಸ್ ಪಟ್ಟಿಯ ಮೇಲೆ ಅಳತೆಪಟ್ಟಿ ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಾ ಹೋದರು. ಏಪ್ರಿಲ್, ಮೇ, ಜೂನ್. ನೌಕರರ ವಂತಿಗೆ ಎಂಬ ಕಂಬಸಾಲಿನ ಪಕ್ಕ ಪೆನ್ಸಿಲಿನಿಂದ ಸಣ್ಣ ಸಣ್ಣ ಟಿಕ್ಕು. ಏಳನೆಯ ವೇತನ ಆಯೋಗದ ಹೊಸ ಸಂಬಳ ಶುರುವಾದ ಆಗಸ್ಟ್ 2024ರ ಸಾಲಿನಿಂದಾಚೆ ಮೊತ್ತ ದೊಡ್ಡದಾಗುತ್ತದೆ, ಅಲ್ಲಿ ಒಂದು ಗೆರೆ ಎಳೆದರು. ಹನ್ನೆರಡು ಟಿಕ್ಕು ಆದ ಮೇಲೆ ತುದಿಯಲ್ಲಿ ಬರೆದದ್ದು 88,000.

‘ಇದು ಯಾರ ಹಣ?’ ಎಂದರು.

ನನ್ನದು, ಸಂಬಳದಲ್ಲಿ ಕಡಿತವಾದದ್ದು ಎಂದೆ.

‘ಇದನ್ನು ಯಾವ ಡಬ್ಬಿಯಲ್ಲಿ ಹಾಕಿದ್ದೀರಿ?’

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪಾಠ ಅರ್ಥವಾಗದ ಮಕ್ಕಳು ಹೇಗೆ ನನ್ನ ಮುಖ ನೋಡುತ್ತಾರೋ ಹಾಗೆ ಅವರ ಮುಖ ನೋಡಿದೆ. ಅವರು ಮೇಜಿನ ಮೇಲಿದ್ದ ಎರಡು ಸ್ಟೀಲ್ ಲೋಟಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಲೋಟ ಒಂದೂವರೆ ಲಕ್ಷದ್ದು. ಕೆಜಿಐಡಿ ಎಂಬ ಸರ್ಕಾರಿ ನೌಕರರ ವಿಮೆ, ಎಲ್‌ಐಸಿ, ಮನೆ ಸಾಲದ ಅಸಲು, ಎಲ್ಲವೂ ಅದರಲ್ಲಿ. ನನ್ನವು ಸೇರಿ 1,32,000. ಸಂಬಳದಲ್ಲಿ ಕಡಿತವಾದ ಎನ್‌ಪಿಎಸ್‌ನ 88,000ವನ್ನೂ ಇಷ್ಟು ವರ್ಷ ಅದೇ ಲೋಟಕ್ಕೆ ಸುರಿಯುತ್ತಿದ್ದೆವು. ಲೋಟಕ್ಕೆ ಹಿಡಿಯುವುದು ಒಂದೂವರೆ ಲಕ್ಷ ಮಾತ್ರ, ಉಳಿದ 70,000 ಚೆಲ್ಲಿ ಹೋಗುತ್ತಿತ್ತು. ಎರಡನೆಯ ಲೋಟ 80ಸಿಸಿಡಿ(1ಬಿ)ಯ ಐವತ್ತು ಸಾವಿರದ್ದು. ಅದನ್ನು ಖಾಲಿ ಎಂದುಕೊಂಡು ಕೈಯಿಂದ ಹೊಸದಾಗಿ ತುಂಬುತ್ತಿದ್ದೆ.

‘ಎರಡನೆಯ ಲೋಟ ಕೇಳುವುದು ಎನ್‌ಪಿಎಸ್ ಖಾತೆಗೆ ಆ ವರ್ಷ ಬಿದ್ದ ನಿಮ್ಮ ಹಣವನ್ನು. ಸಂಬಳದಿಂದ ಬಿದ್ದರೂ ನಿಮ್ಮದೇ, ಕೈಯಿಂದ ಹಾಕಿದರೂ ನಿಮ್ಮದೇ. ಒಂದೇ ರೂಪಾಯಿಯನ್ನು ಎರಡೂ ಲೋಟದಲ್ಲಿ ತೋರಿಸಬಾರದು, ಅಷ್ಟೇ ನಿಯಮ. ಈ 88ರಲ್ಲಿ ಐವತ್ತನ್ನು ಇದಕ್ಕೆ ಹಾಕಿ. ಉಳಿದ 38 ಆ ಲೋಟಕ್ಕೆ. 1,32ಕ್ಕೆ 38 ಸೇರಿದರೆ 1,70. ಆ ಲೋಟವೂ ತುಂಬಿ ಇನ್ನೂ ಇಪ್ಪತ್ತು ಸಾವಿರ ಚೆಲ್ಲುತ್ತದೆ.’

ಅಂದರೆ ಮಾರ್ಚ್ 31ರ ರಾತ್ರಿ ಆ ಚಕ್ರ ಸುತ್ತುತ್ತಿದ್ದಾಗ ನಾನು ಕಳೆದುಕೊಳ್ಳುತ್ತಿದ್ದದ್ದು ಏನೂ ಇರಲಿಲ್ಲ. ರಿಟರ್ನ್‌ನಲ್ಲಿ ಕೇಳಿದ್ದು ಒಟ್ಟು ಎರಡು ಲಕ್ಷ, ನನಗೆ ಹಕ್ಕಿನಿಂದ ಬರಬೇಕಾದದ್ದೂ ಎರಡು ಲಕ್ಷವೇ. ಸರಕಾರಿ ನೌಕರರಲ್ಲದವರು, ಸಂಬಳದಲ್ಲಿ ಎನ್‌ಪಿಎಸ್ ಕಡಿತವಿಲ್ಲದವರು ಇದನ್ನು ಓದಿ ಖುಷಿಪಡಬಾರದು. ಅವರ ಎರಡನೆಯ ಲೋಟ ನಿಜವಾಗಿಯೂ ಖಾಲಿ. ಮಾರ್ಚ್ 31 ತಪ್ಪಿದರೆ ಆ ವರ್ಷದ್ದು ಹೋಯಿತು. ಹಳೆಯ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಈ ಎರಡೂ ಲೋಟ ಎಂಬುದೂ ನೆನಪಿರಲಿ.

10,400 ಹಾಗೂ 4,500, ಎರಡೂ ಉಳಿದವು ಎಂದು ನಾನು ಎದ್ದು ನಿಲ್ಲುವಷ್ಟರಲ್ಲಿ ‘ಕುಳಿತುಕೊಳ್ಳಿ, ನಿಮ್ಮ ರಿಟರ್ನ್‌ನಲ್ಲಿ ತಪ್ಪು ಇದೆ. ನೀವು ಹೇಳಿದ್ದಲ್ಲ, ಬೇರೆ’ ಎಂದರು. ನಾನು ಕಾಗದಗಳನ್ನು ಕೊಟ್ಟಾಗಲೇ ಹುಡುಗಿಯೊಬ್ಬಳಿಗೆ ಇಲಾಖೆಯ ಜಾಲತಾಣದಲ್ಲಿ ನನ್ನ ಎಐಎಸ್ ತೆಗೆಯಲು ಹೇಳಿದ್ದರಂತೆ. ನಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ವರ್ಷವಿಡೀ ಏನೇನು ನಡೆಯಿತು ಎಂದು ಬ್ಯಾಂಕುಗಳು, ಇತರರು ಇಲಾಖೆಗೆ ಕೊಟ್ಟ ಮಾಹಿತಿಯ ಪಟ್ಟಿ ಅದು. ಅದರಲ್ಲಿ ಠೇವಣಿಯ ಬಡ್ಡಿ 18,400 ಇತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದನ್ನು ಇಟ್ಟ ಠೇವಣಿ. ಬ್ಯಾಂಕು ತೆರಿಗೆ ಮುರಿದುಕೊಂಡಿಲ್ಲವಾದ್ದರಿಂದ ಅದಕ್ಕೆ ತೆರಿಗೆಯೇ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆ ವರ್ಷ ನಲವತ್ತು ಸಾವಿರದೊಳಗಿನ ಬಡ್ಡಿಗೆ ಬ್ಯಾಂಕು ಮುರಿದುಕೊಳ್ಳುತ್ತಿರಲಿಲ್ಲ, ಅಷ್ಟೇ. ಬಡ್ಡಿ ಆದಾಯವಾಗಿಯೇ ಉಳಿಯುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಹತ್ತು ಸಾವಿರದವರೆಗೆ ಇರುವ ವಿನಾಯಿತಿ ಠೇವಣಿಗೆ ಇಲ್ಲ.

ಇದನ್ನೇ ಸರಿಪಡಿಸಬೇಕಿತ್ತು. ತೆರಿಗೆ ಬೀಳುವ ಆದಾಯ 5,42,600 ಇದ್ದದ್ದು 5,61,000 ಆಯಿತು. ಸಂಬಳದಲ್ಲಿ ಮುರಿದದ್ದನ್ನು ಕಳೆದು ಕಟ್ಟಬೇಕಾದದ್ದು 3,830. ಮೊದಲ ರಿಟರ್ನ್ ಸಮಯಕ್ಕೆ ಹಾಕಿದ್ದರಿಂದ ಮತ್ತು ಬಾಕಿ ಹತ್ತು ಸಾವಿರದೊಳಗೆ ಇರುವುದರಿಂದ ಬಡ್ಡಿ ಬೀಳಲಿಲ್ಲ. ಪರಿಷ್ಕೃತ ರಿಟರ್ನ್‌ಗೆ 2025ರ ಡಿಸೆಂಬರ್ 31ರವರೆಗೆ ಸಮಯವಿತ್ತು. ಅದು ದಾಟಿದ್ದರೆ ತೆರಿಗೆಯ ಮೇಲೆ ಶೇ 25ರಿಂದ ಶುರುವಾಗುವ ಹೆಚ್ಚುವರಿ ತೆರಿಗೆ ಕಟ್ಟಿ ‘ಅಪ್‌ಡೇಟೆಡ್’ ರಿಟರ್ನ್ ಹಾಕಬೇಕಿತ್ತು. ಹುಡುಗಿ ಅಲ್ಲಿಯೇ ಚಲನ್ ತಯಾರಿಸಿದಳು, ನಾನು ಮೊಬೈಲಿನಲ್ಲಿ ಕಟ್ಟಿದೆ, ಹಳೆಯ ಸ್ವೀಕೃತಿ ಸಂಖ್ಯೆ ಹಾಕಿ ಹೊಸದನ್ನು ಸಲ್ಲಿಸಿದಳು, ಆಧಾರ್ ಒಟಿಪಿಯಿಂದ ದೃಢೀಕರಣವೂ ಆಯಿತು. ಇಪ್ಪತ್ತು ನಿಮಿಷ. ದೃಢೀಕರಣಕ್ಕೆ ಮೂವತ್ತು ದಿನ ಇದೆ ಎಂದು ಮನೆಗೆ ಹೋಗಿ ಮರೆಯುವವರೇ ಹೆಚ್ಚು, ಅದಕ್ಕೇ ಇಲ್ಲಿಯೇ ಮಾಡಿಸಿ ಕಳಿಸುತ್ತೇವೆ ಎಂದಳು.

ಶುಲ್ಕ 800 ರೂಪಾಯಿ. ಗಾಜಿನ ಬಾಗಿಲಿಗೆ ಹೋಲಿಸಿದರೆ ಏನೂ ಅಲ್ಲ, ಸೈಬರ್ ಸೆಂಟರಿಗೆ ಹೋಲಿಸಿದರೆ ಮೂರು ಪಟ್ಟು. ಆ ಅಳತೆಪಟ್ಟಿ ನೋಡಿದ ಮೇಲೆ ನನಗೆ ದುಬಾರಿ ಎನ್ನಿಸಲಿಲ್ಲ. ಹಿರಿಯರು ಲೋಟದ ಲೆಕ್ಕ ಹೇಳದೆ ಇದ್ದಿದ್ದರೆ ನನ್ನ ಐವತ್ತು ಸಾವಿರದ ಭಯದ ಮೇಲೆಯೇ ಐದು ಸಾವಿರ ತೆಗೆದುಕೊಳ್ಳಬಹುದಿತ್ತು, ನಾನು ಕೊಟ್ಟೂ ಬಿಡುತ್ತಿದ್ದೆ.

ಈಗ ದೂರುಗಳು. ಕೆಂಪು ಪೆನ್ನು ಸುಮ್ಮನೆ ಇಟ್ಟುಕೊಂಡಿಲ್ಲ.

ಮೊದಲನೆಯದು ಆ ನೋಟ್‌ಬುಕ್. ಹುಡುಗಿಯರ ಮೇಜಿನ ಮೇಲೆ ಇನ್ನೂರು ಪುಟದ, ರಟ್ಟು ಸವೆದ ಪುಸ್ತಕವೊಂದು ತೆರೆದೇ ಇರುತ್ತದೆ. ಗಿರಾಕಿಗಳ ಹೆಸರು, ಪ್ಯಾನ್, ಪಕ್ಕದಲ್ಲಿ ಪಾಸ್‌ವರ್ಡ್. ನಾನು ನಿಂತಲ್ಲಿಂದಲೇ ನಮ್ಮ ಬೀದಿಯ ದಂತವೈದ್ಯರ ಪಾಸ್‌ವರ್ಡ್ ಓದಿದೆ. ಅವರ ಮಗಳ ಹೆಸರು ಮತ್ತು 123. ಇದನ್ನು ನಾನು ಓದಬಾರದಿತ್ತು, ಆದರೆ ಎದುರಿಗಿರುವ ಅಕ್ಷರವನ್ನು ಓದದೆ ಇರುವುದು ಕನ್ನಡ ಶಿಕ್ಷಕಿಗೆ ಸಾಧ್ಯವಿಲ್ಲ. ನನ್ನದನ್ನು ಬರೆದುಕೊಳ್ಳಬೇಡಿ ಎಂದೆ. ಹುಡುಗಿ ‘ಎಲ್ಲರದ್ದೂ ಬರೆದುಕೊಳ್ಳುತ್ತೇವೆ ಮೇಡಂ, ಮುಂದಿನ ವರ್ಷ ನೀವೇ ಮರೆತು ಬರುತ್ತೀರಿ’ ಎಂದಳು. ಅದು ಸತ್ಯವೇ. ಮನೆಗೆ ಬಂದು ಬದಲಾಯಿಸಿದೆ. ಹೋಗುವವರು ನೀವೂ ಹಾಗೆಯೇ ಮಾಡಿ. ಒಟಿಪಿಯನ್ನೂ ಅಲ್ಲಿ ಇಡೀ ಕೋಣೆಗೆ ಕೇಳುವಂತೆ ಕೂಗಿ ಹೇಳಬೇಕಾಗುತ್ತದೆ. ನಾನು ಮೊಬೈಲನ್ನೇ ಅವಳ ಮುಂದೆ ಹಿಡಿದೆ.

ಎರಡನೆಯದು ರಸೀದಿ. ಕೇಳಿದರಷ್ಟೇ ಕೊಡುತ್ತಾರೆ. ನಾನು ಕೇಳಿದಾಗ ರಸೀದಿ ಪುಸ್ತಕ ಎಲ್ಲಿದೆ ಎಂದು ಹುಡುಕಲು ಹತ್ತು ನಿಮಿಷ ಹಿಡಿಯಿತು, ಸಿಕ್ಕಿದ್ದು ಗಣಪತಿ ಪಟದ ಹಿಂದೆ. ಬೇರೆಯವರ ಲೆಕ್ಕಕ್ಕೆ ಕಾಗದ ಮೊದಲು ಎನ್ನುವವರು ತಮ್ಮ ಲೆಕ್ಕದ ಕಾಗದವನ್ನು ದೇವರ ಹಿಂದೆ ಇಟ್ಟಿದ್ದಾರೆ.

ಮೂರನೆಯದು ಆ ಸರದಿ. ಐದು ರೂಪಾಯಿಯ ಟೋಕನ್ ಬಿಲ್ಲೆಗಳು ಬಜಾರಿನಲ್ಲಿ ಸಿಗುತ್ತವೆ. ಜತೆಗೆ ಹಿರಿಯರು ಇಲ್ಲದ ದಿನ ಹೋಗಬೇಡಿ. ಇದು ನನ್ನ ಸಹೋದ್ಯೋಗಿಯೊಬ್ಬರ ಅನುಭವ. ಹುಡುಗಿಯರು ಚುರುಕು, ಟೈಪಿಂಗ್ ತಪ್ಪಿಲ್ಲ, ಆದರೆ ‘ಇದು ಯಾರ ಹಣ’ ಎಂಬ ಪ್ರಶ್ನೆ ಅವರಿಗೆ ಇನ್ನೂ ಬಂದಿಲ್ಲ. ಬೋರ್ಡಿನ ಬಗ್ಗೆ ಹೇಳಿದೆ. ಹಿರಿಯರು ನಕ್ಕು, ಬರೆದವನು ಆಂಧ್ರದ ಕಡೆಯವನು, ಮೂವತ್ತು ವರ್ಷದಿಂದ ಹಾಗೆಯೇ ಇದೆ, ಈಗ ಸರಿಮಾಡಿದರೆ ಹಳೆಯ ಗಿರಾಕಿಗಳು ಅಂಗಡಿ ಕೈ ಬದಲಾಗಿದೆ ಎಂದುಕೊಳ್ಳುತ್ತಾರೆ ಎಂದರು. ಅರ್ಧ ಅಂಕ ಕಳೆದಿದ್ದೇನೆ.

ಹೊರಡುವ ಮೊದಲು ಒಂದು ಮಾತು ಕೇಳಿದೆ. ಏಪ್ರಿಲ್ 5ರಂದು ಕಟ್ಟಿದ ಐವತ್ತು ಸಾವಿರ 2025–26ರ ಲೆಕ್ಕಕ್ಕಾದರೂ ಬರುತ್ತದಲ್ಲ? ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಈ ವರ್ಷದ ಒಟ್ಟು ಸಂಬಳ ಎಷ್ಟಾಗಬಹುದು ಎಂದರು. ಹನ್ನೊಂದೂವರೆ ಲಕ್ಷದ ಆಸುಪಾಸು ಎಂದೆ.

‘ಹಾಗಾದರೆ ಈ ವರ್ಷ ಹೊಸ ಪದ್ಧತಿಗೆ ಹೋಗಿ. ಸಂಬಳದವರಿಗೆ ಪ್ರಮಾಣಿತ ಕಡಿತ ಎಪ್ಪತ್ತೈದು ಸಾವಿರ ಸೇರಿ ಹನ್ನೆರಡು ಮುಕ್ಕಾಲು ಲಕ್ಷದವರೆಗೆ ತೆರಿಗೆ ಇಲ್ಲ. ನಿಮ್ಮ ಠೇವಣಿಯ ಬಡ್ಡಿ ಸೇರಿದರೂ ಅದರೊಳಗೆ ಇರುತ್ತೀರಿ. ಎರಡು ಲೋಟವೂ ಬೇಡ, ಮನೆ ಸಾಲದ ಬಡ್ಡಿಯ ಪತ್ರವೂ ಬೇಡ.’

ಆ ಐವತ್ತು ಸಾವಿರ?

‘ಪಿಂಚಣಿ ಅಮ್ಮಾ. ಅದು ಪಿಂಚಣಿಗೆ ಅಲ್ಲವೇ ಇರುವುದು?’

ನನಗೀಗ ನಲವತ್ತಾರು. ಅರವತ್ತಾದ ಮೇಲೆ ಅದರಲ್ಲಿ ಶೇ 60 ಕೈಗೆ, ಉಳಿದದ್ದು ತಿಂಗಳ ಪಿಂಚಣಿಯಾಗಿ. ಹಿಂದಿನ ಮೂರು ವರ್ಷಗಳ ಹಾಳೆಗಳೂ ಬ್ಯಾಗಿನಲ್ಲಿದ್ದವು. ಆಗಲಾದರೂ ಕೈಯಿಂದ ಹಾಕುವ ಅಗತ್ಯ ಇತ್ತೇ ಎಂದು ಕೇಳಬಹುದಿತ್ತು. ತೆಗೆಯಲಿಲ್ಲ. ಎಲ್ಲ ಉತ್ತರವನ್ನೂ ಒಂದೇ ದಿನ ಕೇಳಬೇಕೆಂದೇನೂ ಇಲ್ಲ. ನಮ್ಮವರಿಗೆ ಫೋನಿನಲ್ಲಿ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, ‘ಆ ಹಣಕ್ಕೆ ಡ್ರಿಪ್ ಪೈಪು ಬರುತ್ತಿತ್ತಲ್ಲ’ ಎಂದರು. ನಾನು ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟೆ.

ಕಲಂಗಳ ಸಂಖ್ಯೆ ಬರೆದಿಟ್ಟುಕೊಳ್ಳುವವರಿಗೆ ಹಿರಿಯರು ಹೇಳಿದ ಒಂದು ಎಚ್ಚರಿಕೆ: 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ. 80ಸಿ ಎಂದು ಬಾಯಿಪಾಠ ಮಾಡಿದ್ದೆಲ್ಲ ಬೇರೆ ಸಂಖ್ಯೆಯಾಗುತ್ತದೆ. ಅವರ ಲೋಟಗಳಿಗೆ ಮಾತ್ರ ಸಂಖ್ಯೆ ಇರಲಿಲ್ಲ.

ಒಟ್ಟು ಐದರಲ್ಲಿ ನಾಲ್ಕು. ಅಳತೆಪಟ್ಟಿಯ ಹೆಚ್ಚುವರಿ ನಕ್ಷತ್ರವನ್ನು ನೋಟ್‌ಬುಕ್ ನುಂಗಿಹಾಕಿತು, ಇಲ್ಲದಿದ್ದರೆ ಐದು.

ಸೋಮವಾರ ಸ್ಟಾಫ್ ರೂಮಿನಲ್ಲಿ ಎರಡು ಚಹಾ ಲೋಟ ಇಟ್ಟುಕೊಂಡು ಇದನ್ನೆಲ್ಲ ಹೇಳಿದೆ. ಗಣಿತ ಮೇಷ್ಟ್ರು ನಡುವೆ ಒಂದೂ ಮಾತಾಡಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಹತ್ತಿರ ಬಂದು, ‘ಮೇಡಂ, ಅವರ ಕಚೇರಿ ಯಾವ ಗಲ್ಲಿ?’ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವರು ನನಗಿಂತ ಒಂದು ವರ್ಷ ಮೊದಲು ಸೇರಿದವರು, ಏಳು ವರ್ಷದಿಂದ ಕೈಯಿಂದ ಹಾಕುತ್ತಿದ್ದಾರೆ. ಮುಂದಿನ ಭಾನುವಾರ ಜತೆಗೆ ಕರೆದುಕೊಂಡು ಹೋದೆ. ಮೊಣಕಾಲು ನೋವಿನ ಮನುಷ್ಯ. ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಗೋಡೆ ಹಿಡಿದು ನಿಂತು, ಕಂಕುಳಲ್ಲಿದ್ದ ಕಡತವನ್ನು ನನ್ನ ಕೈಗೆ ಕೊಟ್ಟು, ಇನ್ನು ಎಷ್ಟಿವೆ ಎಂದು ಕೇಳಿದರು. ಎಂಟು ಎಂದೆ.